ಹರಾಜಿಗೆ ಮುನ್ನ ಹುಡುಗನನ್ನು ಅಳೆಯುವುದು ಹೇಗೆ?



ಠಾಕುರ್ಲಿಯಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ. ಬೆಳಗಿನ ಸ್ಲೋ ಗಾಡಿಗೆ ಕಾಯುವವರ ನಡುವೆ ದೊಡ್ಡ ಕಿಟ್ ಬ್ಯಾಗ್ ಹೊತ್ತ ಹುಡುಗರನ್ನು ನೀವೂ ನೋಡಿರಬಹುದು. ಶಿವಾಜಿ ಪಾರ್ಕೋ ಆಜಾದ್ ಮೈದಾನವೋ ತಲುಪಲು ಗಂಟೆಗೂ ಮೀರಿದ ಪ್ರಯಾಣ. ಆ ಜನಸಂದಣಿಯಲ್ಲಿ ಬ್ಯಾಗನ್ನು ಒಳಗೆ ತೂರಿಸುವುದೇ ಒಂದು ಸಾಹಸ.

ಇತ್ತೀಚೆಗೆ ಅದೇ ಪ್ಲಾಟ್‌ಫಾರ್ಮಿನಲ್ಲಿ ನಮ್ಮ ಕೇಳುಗರೊಬ್ಬರು ಸಿಕ್ಕಿದರು. ಮಗ ಕಾಲೇಜು ತಂಡದ ವೇಗದ ಬೌಲರ್. "ಕೋಚಿಂಗು, ಬೂಟು ಅಂತ ಸಂಬಳದ ಒಂದು ಪಾಲು ಅಲ್ಲಿಗೇ ಹೋಗ್ತದೆ. ಇವನಲ್ಲಿ ನಿಜವಾಗಿ ಏನಾದರೂ ಉಂಟಾ ಇಲ್ವಾ ಅಂತ ಗೊತ್ತಾಗುವುದು ಹೇಗೆ ಮಾರಾಯ್ರೆ?" ಎಂದು ಕೇಳಿದರು.

ಕೋಟಿಗಟ್ಟಲೆ ಹಣ ಇಟ್ಟುಕೊಂಡ ಐಪಿಎಲ್ ತಂಡಗಳನ್ನು ಕಾಡುವುದೂ ಇದೇ ಪ್ರಶ್ನೆ. ಹರಾಜಿಗೆ ತಿಂಗಳುಗಳ ಮೊದಲೇ ತಂಡಗಳ ಶೋಧಕರು ಸಯ್ಯದ್ ಮುಷ್ತಾಕ್ ಅಲಿ ಟ್ರೋಫಿ, ರಾಜ್ಯಗಳ ಟಿ20 ಲೀಗುಗಳು ಎಂದು ಊರೂರು ಸುತ್ತುತ್ತಾರೆ. ಚೆಂಡಿನ ವೇಗ, ಕೊನೆಯ ಓವರುಗಳ ಯಾರ್ಕರ್, ಫೀಲ್ಡಿಂಗ್, ಎಲ್ಲಕ್ಕೂ ಲೆಕ್ಕವಿದೆ. ಆದರೂ ಲೆಕ್ಕ ತಪ್ಪುತ್ತದೆ.

ನಮ್ಮ ಕೊಡಗಿನ ಕೆ.ಸಿ. ಕಾರಿಯಪ್ಪ ಅವರನ್ನೇ ನೋಡಿ. ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಬಿಜಾಪುರ ಬುಲ್ಸ್ ಪರ ಆಡಿದ ಸ್ಪಿನ್ನರ್. ರಾಜ್ಯದ ಹಿರಿಯರ ತಂಡದಲ್ಲಿ ಇನ್ನೂ ಆಡಿರಲಿಲ್ಲ. 2015ರ ಹರಾಜಿನಲ್ಲಿ 10 ಲಕ್ಷದ ಮೂಲಬೆಲೆಯಿಂದ 2.4 ಕೋಟಿಗೆ ಏರಿದರು. ಕೊಂಡ ಕೋಲ್ಕತ್ತ ತಂಡ ಆ ವರ್ಷ ಅವರನ್ನು ಆಡಿಸಿದ್ದು ಒಂದೇ ಪಂದ್ಯದಲ್ಲಿ! 2021ರಲ್ಲಿ ಕೃಷ್ಣಪ್ಪ ಗೌತಮ್ ಅವರಿಗೆ ಚೆನ್ನೈ ತಂಡ 9.25 ಕೋಟಿ ಕೊಟ್ಟಿತು. ಆ ಋತುವಿನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ಅದೇ ವರ್ಷ ಅವರು ಶ್ರೀಲಂಕಾದಲ್ಲಿ ಭಾರತದ ಪರ ಏಕದಿನ ಪಂದ್ಯ ಆಡಿದರು ಎನ್ನುವುದನ್ನೂ ಮರೆಯಬಾರದು. ಹರಾಜಿನ ಬೆಲೆಯೇ ಬೇರೆ, ಆಟಗಾರನ ಯೋಗ್ಯತೆಯೇ ಬೇರೆ.

ಈಗ ಇನ್ನೊಂದು ಕಥೆ. 2013ರಲ್ಲಿ ಮುಷ್ತಾಕ್ ಅಲಿ ಪಂದ್ಯಾವಳಿ ನೋಡುತ್ತಿದ್ದ ಮುಂಬೈ ಇಂಡಿಯನ್ಸ್‌ನ ಜಾನ್ ರೈಟ್ ಕಣ್ಣಿಗೆ ಗುಜರಾತಿನ 19ರ ಹುಡುಗನೊಬ್ಬ ಬಿದ್ದ. ಚಿಕ್ಕ ಓಟ, ವಿಚಿತ್ರವಾಗಿ ನೆಟ್ಟಗೆ ಚಾಚಿದ ಕೈ. ಅವನೇ ಜಸ್‌ಪ್ರೀತ್ ಬುಮ್ರಾ. ಆಗ ಅವನು ರಣಜಿ ಆಡಿರಲಿಲ್ಲ. ಏಪ್ರಿಲ್ 4ರಂದು ಬೆಂಗಳೂರಿನಲ್ಲಿ ಆರ್‌ಸಿಬಿ ವಿರುದ್ಧ ಮೊದಲ ಐಪಿಎಲ್ ಪಂದ್ಯ. ಮೊದಲ ಓವರಿನಲ್ಲೇ ವಿರಾಟ್ ಕೊಹ್ಲಿ ಬೌಂಡರಿಗಳ ಸ್ವಾಗತ ಕೊಟ್ಟರು. ಅದೇ ಓವರಿನಲ್ಲಿ ಕೊಹ್ಲಿ ಎಲ್‌ಬಿಡಬ್ಲ್ಯು! ಮುಂದಿನ ಎರಡು ವರ್ಷ ಹೇಳಿಕೊಳ್ಳುವಂಥ ವಿಕೆಟ್ ಬರಲಿಲ್ಲ. ಆದರೂ ತಂಡ ಕೈಬಿಡಲಿಲ್ಲ. 2016ರ ಜನವರಿಯಲ್ಲಿ ಭಾರತ ತಂಡ ಕರೆಯಿತು.

ಅಮೆರಿಕದ ಫುಟ್‌ಬಾಲಿನಲ್ಲೂ ಹೀಗೆಯೇ. ಅಲ್ಲಿ ಕಾಲೇಜು ಹುಡುಗರ ಓಟ, ಜಿಗಿತ ಎಲ್ಲ ಅಳೆದು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. 2000ದಲ್ಲಿ ಟಾಮ್ ಬ್ರೇಡಿ ಎಂಬ ಕ್ವಾರ್ಟರ್‌ಬ್ಯಾಕ್‌ನ ಸರದಿ ಬಂದದ್ದು 199ನೆಯದಾಗಿ. ಅವನು ಮುಂದೆ 7 ಸಲ ಸೂಪರ್ ಬೌಲ್ ಗೆದ್ದ.

ಅಷ್ಟು ದೂರ ಯಾಕೆ, ಪಕ್ಕದ ಸ್ಟೇಷನ್ನಿಗೆ ಬನ್ನಿ. ಅಜಿಂಕ್ಯ ರಹಾನೆ ಬೆಳೆದದ್ದು ಡೊಂಬಿವಲಿಯಲ್ಲಿ, ಇದೇ ಲೋಕಲ್ ಹಿಡಿದು. 2023ರ ಐಪಿಎಲ್ ಹೊತ್ತಿಗೆ 'ಇವರ ಕಾಲ ಮುಗಿಯಿತು' ಎಂದವರೇ ಹೆಚ್ಚು. ಚೆನ್ನೈ ತಂಡಕ್ಕೆ ಮೂಲಬೆಲೆ 50 ಲಕ್ಷಕ್ಕೇ ಸಿಕ್ಕಿದರು. ಆಮೇಲೆ ವಾಂಖೆಡೆಯಲ್ಲಿ ಮುಂಬೈ ವಿರುದ್ಧ 27 ಚೆಂಡಿಗೆ 61 ಓಟ ಹೊಡೆದರು.

ಹಾಗಾದರೆ ಆ ತಂದೆಗೆ ನಾನು ಏನು ಹೇಳಿದೆ? ಗಾಡಿ ಬರುವಷ್ಟರಲ್ಲಿ ಹೇಳಿದ್ದು ಇಷ್ಟೇ. ಒಂದು ದಿನ ರಜೆ ಹಾಕಿ ಮಗನ ಪಂದ್ಯ ನೋಡಿ. ಎಷ್ಟು ವಿಕೆಟ್ ಎಂದು ಎಣಿಸಬೇಡಿ. ಬೌಂಡರಿ ಹೊಡೆಸಿಕೊಂಡ ಮೇಲೆ ಮುಂದಿನ ಚೆಂಡು ಎಲ್ಲಿ ಹಾಕುತ್ತಾನೆ ನೋಡಿ. ಬಿಸಿಲು ಏರಿದ ಮೇಲೆ, ಮೂರನೆಯ ಸಲ ಚೆಂಡು ಕೈಗೆ ಬಂದಾಗ ಅದೇ ಮನಸ್ಸಿನಿಂದ ಓಡಿ ಬರುತ್ತಾನೆಯೇ ನೋಡಿ. ಸೋತ ಮರುದಿನ ನೀವು ಎಬ್ಬಿಸದೆಯೇ ಏಳುತ್ತಾನೆಯೇ, ಅದನ್ನೂ ಗಮನಿಸಿ. ಶೋಧಕರ ಪುಸ್ತಕದಲ್ಲಿ ಇದಕ್ಕೆ ಅಂಕಣ ಇದೆಯೋ ಇಲ್ಲವೋ, ಮನೆಯವರಿಗೆ ಮಾತ್ರ ಕಾಣುತ್ತದೆ. ಜೊತೆಗೆ ಕಾಲೇಜಿನ ಪರೀಕ್ಷೆಯನ್ನೂ ಬಿಡಿಸಬೇಡಿ. ಎಷ್ಟು ವರ್ಷ ಪ್ರಯತ್ನಿಸುವುದು ಎಂಬುದನ್ನು ಅವನನ್ನೇ ಕೂರಿಸಿಕೊಂಡು ಮಾತಾಡಿ ತೀರ್ಮಾನಿಸಿ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವನ ಮ್ಯಾಚು ನಾನು ಇದುವರೆಗೆ ಒಂದೂ ನೋಡಿಲ್ಲ" ಎಂದರು. ಅಷ್ಟರಲ್ಲಿ ಗಾಡಿ ಬಂತು.

ನಿಮ್ಮ ಮನೆಯಲ್ಲೂ ಒಂದು ಕಿಟ್ ಬ್ಯಾಗ್ ಇದ್ದರೆ, ಮುಂದಿನ ಭಾನುವಾರ ನೀವೂ ಒಮ್ಮೆ ಮೈದಾನಕ್ಕೆ ಹೋಗಿ ಬನ್ನಿ.