ಬಯಲಿನ ಬಿಸಿಲು, ಮಲೆನಾಡಿನ ಮಕ್ಕಳು



ಮಲೆನಾಡಿನ ಮನೆಗಳಲ್ಲಿ ಮಕ್ಕಳ ಪರಸ್ಥಳವಾಸವು ಕಾಲೇಜಿನೊಂದಿಗೇ ಆರಂಭವಾಗುತ್ತದೆ. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿಗಳ ಒಳಹಳ್ಳಿಗಳ ಹುಡುಗ ಹುಡುಗಿಯರು ಶಿವಮೊಗ್ಗದ ಹಾಸ್ಟೆಲುಗಳಲ್ಲಿ, ಭದ್ರಾವತಿಯ ಬಾಡಿಗೆ ಕೋಣೆಗಳಲ್ಲಿ ನೆಲೆಸುತ್ತಾರೆ. ಹಾದಿಯ ಲೆಕ್ಕದಲ್ಲಿ ಅದು ಅರ್ಧ ದಿನದ ಬಸ್ ಪ್ರಯಾಣವೂ ಅಲ್ಲ. ಹವೆಯ ಲೆಕ್ಕದಲ್ಲಿ ಮಾತ್ರ ಬೇರೊಂದು ದೇಶವೇ ಸರಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿದರೆ, ಶಿವಮೊಗ್ಗ ನಗರಕ್ಕೆ ದಕ್ಕುವುದು ಸುಮಾರು ಅದರ ಏಳನೆಯ ಒಂದು ಪಾಲು. ಏಪ್ರಿಲ್ ತಿಂಗಳಲ್ಲಿ ಅಲ್ಲಿನ ಹಗಲಿನ ಉಷ್ಣತೆ 36 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಕೆಲವು ದಿನ ಇನ್ನೂ ಮೇಲೇರುತ್ತದೆ. ಊರಿನಿಂದ ಫೋನು ಮಾಡುವ ತಾಯ್ತಂದೆಯರು ಊಟ, ಓದು, ಖರ್ಚಿನ ವಿಷಯ ವಿಚಾರಿಸುತ್ತಾರೆ. ಬಿಸಿಲನ್ನು ವಿಚಾರಿಸುವವರು ವಿರಳ.

ಮಲೆನಾಡು ಎತ್ತರದಲ್ಲಿರುವುದರಿಂದ ತಂಪು, ಶಿವಮೊಗ್ಗ ತಗ್ಗಿನಲ್ಲಿರುವುದರಿಂದ ಬಿಸಿ ಎಂಬ ನಂಬಿಕೆ ಸಾಮಾನ್ಯವಾಗಿದೆ. ಅಳತೆಗಳು ಇದನ್ನು ಸಮರ್ಥಿಸುವುದಿಲ್ಲ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ತೀರ್ಥಹಳ್ಳಿ ಸುಮಾರು 590 ಮೀಟರ್ ಎತ್ತರದಲ್ಲಿದೆ. ಒಂದು ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ನಿಯಮದಂತೆ ಈ ಇಪ್ಪತ್ತು ಮೀಟರಿನ ಅಂತರ ಲೆಕ್ಕಕ್ಕೇ ಬಾರದು. ವ್ಯತ್ಯಾಸದ ಕಾರಣಗಳು ಬೇರೆ: ಘಟ್ಟದಂಚಿನ ಮೋಡ ಮತ್ತು ಕಡಲ ಗಾಳಿ, ನೆಲದಲ್ಲಿ ಉಳಿದ ತೇವ, ಹಾಗೂ ಮರಗಳು. ಎಲೆಗಳು ಹಗಲಿಡೀ ನೀರನ್ನು ಆವಿಯಾಗಿ ಬಿಡುತ್ತವೆ. ಆ ಆವಿಯು ಸುತ್ತಲಿನ ಶಾಖವನ್ನು ಹೀರಿಕೊಂಡೇ ಮೇಲೇರುತ್ತದೆ. ಮೋಡ, ಗಾಳಿಗಳು ಮನುಷ್ಯನ ಕೈಯಲ್ಲಿಲ್ಲ. ಮರ ಮತ್ತು ತೇವ ಬಹುಮಟ್ಟಿಗೆ ಅವನ ಕೈಯಲ್ಲಿವೆ.

ಈ ಮಾತಿನ ಅರ್ಥ ತಿಳಿಯಬೇಕಾದರೆ ವಿದ್ಯಾರ್ಥಿಯ ಬಾಡಿಗೆ ಕೋಣೆಯನ್ನು ನೋಡಬೇಕು. ಕಡಿಮೆ ಬಾಡಿಗೆಗೆ ದೊರೆಯುವುದು ಸಾಮಾನ್ಯವಾಗಿ ಮೇಲಿನ ಅಂತಸ್ತಿನ, ತಾರಸಿಯ ಕೆಳಗಿನ ಕೋಣೆ. ಕಾಂಕ್ರೀಟಿನ ಹಲಗೆ ಹಗಲೆಲ್ಲ ಶಾಖವನ್ನು ತುಂಬಿಕೊಂಡು ಸಂಜೆಯಿಂದ ನಡುರಾತ್ರಿಯವರೆಗೆ ಅದನ್ನು ಕೆಳಗೆ ಬಿಡುತ್ತದೆ. ಹೊರಗೆ ಗಾಳಿ ತಂಪಾದ ಮೇಲೂ ಒಳಗೆ ಕುದಿ ನಿಲ್ಲುವುದಿಲ್ಲ. ಮಂಗಳೂರು ಹೆಂಚು ಹೊದಿಸಿದ, ಅಟ್ಟವಿರುವ ಮನೆಯಲ್ಲಿ ಬೆಳೆದ ದೇಹಕ್ಕೆ ಇದು ಹೊಸದು. ಹೆಂಚುಗಳ ಸಂದಿನಿಂದ ಬಿಸಿ ಗಾಳಿ ಹೊರಹೋಗುತ್ತದೆ. ಅಟ್ಟವು ಶಾಖವನ್ನು ತಡೆಯುತ್ತದೆ. ಪರೀಕ್ಷೆಯ ಕಾಲವೂ ಬೇಸಗೆಯೂ ಒಟ್ಟಿಗೆ ಬರುವುದರಿಂದ ನಷ್ಟವಾಗುವುದು ಮೊದಲು ನಿದ್ರೆ, ಅನಂತರ ಓದು. ಅಂಕ ಕಡಿಮೆಯಾದಾಗ ಮಗನ ಸೋಮಾರಿತನವನ್ನು ದೂರುವ ಮನೆಗಳು ಆ ಕೋಣೆಯಲ್ಲಿ ಒಂದು ರಾತ್ರಿ ಕಳೆದಿರುವುದಿಲ್ಲ.

ದೇಹ ಹೊಸ ಬಿಸಿಲಿಗೆ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಈ ಅವಧಿಯಲ್ಲಿ ಬೆವರು ಬೇಗ ಹೊರಡಲು ಆರಂಭಿಸುತ್ತದೆ, ಅದರಲ್ಲಿ ಉಪ್ಪಿನ ಅಂಶ ಕಡಿಮೆಯಾಗುತ್ತದೆ. ಆದುದರಿಂದ ರಜೆ ಮುಗಿಸಿ ಮರಳಿದ ಮೊದಲ ದಿನಗಳಲ್ಲಿ ನಡುಹಗಲಿನ ಆಟ, ದುಡಿಮೆಗಳನ್ನು ತಪ್ಪಿಸುವುದು ವಿವೇಕ. ಇನ್ನೊಂದು ಸಂಗತಿ ಹೆಚ್ಚು ಸೂಕ್ಷ್ಮವಾದುದು. ಮಲೆನಾಡಿನ ತೇವದ ಹವೆಯಲ್ಲಿ ಬೆವರು ಮೈಮೇಲೆ ನಿಲ್ಲುತ್ತದೆ, ಕಣ್ಣಿಗೆ ಕಾಣುತ್ತದೆ. ಬಯಲಿನ ಒಣ ಗಾಳಿಯಲ್ಲಿ ಅದು ಮೂಡಿದೊಡನೆ ಆರಿಹೋಗುತ್ತದೆ. ಬೆವರೇ ಬರಲಿಲ್ಲವೆಂದು ಭಾವಿಸಿದ ವಿದ್ಯಾರ್ಥಿ ನೀರು ಕುಡಿಯುವುದನ್ನು ಮರೆಯುತ್ತಾನೆ. ತಲೆನೋವು, ಗಾಢ ಬಣ್ಣದ ಮೂತ್ರ, ಕಾಲಿನ ಸೆಳೆತ ಇವು ಮುನ್ನೆಚ್ಚರಿಕೆಗಳು. ಮಾತು ತಡವರಿಸಿ, ಪ್ರಜ್ಞೆ ಮಸುಕಾಗಿ, ಮೈ ಕೆಂಡದಂತಾದರೆ ಅದು ಬಿಸಿಲಾಘಾತ. ನೆರಳಿಗೆ ಒಯ್ದು ಮೈಗೆಲ್ಲ ತಣ್ಣೀರು ಸುರಿದು ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಬೇಕು.

ಇದಕ್ಕೆ ಪೇಟೆಯ ಬಣ್ಣದ ಪಾನೀಯಗಳು ಮದ್ದಲ್ಲ. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಬೆರೆಸಿದರೆ ದೇಹ ಕಳೆದುಕೊಂಡ ನೀರೂ ಲವಣವೂ ಮರಳುತ್ತವೆ. ಮಲೆನಾಡಿನ ಅಡುಗೆಮನೆ ಇದನ್ನು ತನ್ನದೇ ರೀತಿಯಲ್ಲಿ ಅರಿತಿತ್ತು. ಉಪ್ಪು ಹಾಕಿದ ನೀರುಮಜ್ಜಿಗೆ, ಗಂಜಿ, ಒಂದೆಲಗದ ತಂಬುಳಿ, ಮುರುಗಲಿನ ಪಾನಕ ಇವೆಲ್ಲ ನೀರು ಮತ್ತು ಲವಣವನ್ನು ಒಟ್ಟಿಗೆ ಕೊಡುವ ಆಹಾರಗಳು. ಒಣಗಿಸಿದ ಮುರುಗಲ ಸಿಪ್ಪೆಯನ್ನು ಡಬ್ಬಿಯಲ್ಲಿ ಕಟ್ಟಿಕೊಟ್ಟರೆ ಬೇಸಗೆಯುದ್ದಕ್ಕೂ ಕೆಡದು. ಹಾಸ್ಟೆಲಿನಲ್ಲಿ ಒಲೆಯಿಲ್ಲದೆಯೂ ನೀರಿನಲ್ಲಿ ನೆನೆಸಿ ಕುಡಿಯಬಹುದು.

ಬಯಲಿನ ಬಿಸಿಲಿಗೂ ಮಲೆಯ ಕಾಡಿಗೂ ಹಳೆಯ ಸಂಬಂಧವಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ 1923ರಲ್ಲಿ ಉರಿಯಲಾರಂಭಿಸಿದಾಗ ಅದಕ್ಕೆ ಇಂಧನವಾದುದು ಮಲೆನಾಡಿನ ಮರಗಳ ಇದ್ದಿಲು. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಬಿದಿರನ್ನು ಬೇಡಿತು. ಅನಂತರ ನೀಲಗಿರಿ, ಅಕೇಶಿಯಾ ನೆಡುತೋಪುಗಳನ್ನು ಬೇಡಿತು. ಆ ಕಾರ್ಖಾನೆ ಕಳೆದ ದಶಕದಲ್ಲಿ ಉತ್ಪಾದನೆ ನಿಲ್ಲಿಸಿತು, ನೆಡುತೋಪುಗಳು ಉಳಿದವು. ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟ ಉದ್ಯಮಗಳನ್ನು ಹಳಿಯುವುದು ಇಲ್ಲಿನ ಉದ್ದೇಶವಲ್ಲ. ಕೊಟ್ಟ ಕಾಡಿನ ಲೆಕ್ಕವನ್ನು ಮರೆಯಬಾರದು ಎಂಬುದಷ್ಟೇ. ಶಿವಮೊಗ್ಗದ ವಿದ್ಯಾರ್ಥಿ ಕುಡಿಯುವ ತುಂಗೆಯ ನೀರೂ, ಭದ್ರಾವತಿಯ ವಿದ್ಯಾರ್ಥಿ ಕುಡಿಯುವ ಭದ್ರೆಯ ನೀರೂ ಗಂಗಾಮೂಲದ ಕಾಡಿನಿಂದಲೇ ಇಳಿದು ಬರುತ್ತವೆ. ಅದೇ ಭದ್ರಾವತಿ ತಾಲೂಕಿನ ಶಂಕರಘಟ್ಟದಲ್ಲಿ, 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯದ ಆವರಣ ಕಾಡಿನ ಮಗ್ಗುಲಲ್ಲಿದೆ. ಭದ್ರಾವತಿ ಪೇಟೆಯಲ್ಲಿ ಬಸ್ಸು ಹತ್ತಿ ಅಲ್ಲಿನ ಮರಗಳ ನೆರಳಿನಲ್ಲಿ ಇಳಿಯುವ ವಿದ್ಯಾರ್ಥಿಗೆ ಮರದ ಬೆಲೆಯನ್ನು ಬೇರೆ ಯಾರೂ ಪಾಠ ಹೇಳಬೇಕಾಗಿಲ್ಲ.

ಇಷ್ಟು ದಿನ ಬಿಸಿಲು ಪರಸ್ಥಳದ್ದಾಗಿತ್ತು. ರಜೆಗೆ ಮನೆಗೆ ಬಂದರೆ ತಂಪು ಕಾದಿರುತ್ತಿತ್ತು. ಆ ಭರವಸೆ ಈಗ ಸಡಿಲವಾಗುತ್ತಿದೆ. 2023ರ ಮುಂಗಾರು ಕೈಕೊಟ್ಟ ಮೇಲೆ ಬಂದ 2024ರ ಬೇಸಗೆಯಲ್ಲಿ ಮಲೆನಾಡಿನಲ್ಲಿಯೂ ಬಾವಿಗಳು ಬತ್ತಿ ಅಡಿಕೆ ತೋಟಗಳು ಬಾಡಿದವು. ಇದೇ ಕಾಲದಲ್ಲಿ ಹೆಂಚು ಇಳಿದು ತಾರಸಿ ಏರುತ್ತಿದೆ, ಸೊಪ್ಪಿನ ಬೆಟ್ಟ ಬೋಳಾಗುತ್ತಿದೆ, ಅಂಗಳಕ್ಕೆ ಕಾಂಕ್ರೀಟು ಬೀಳುತ್ತಿದೆ. ವಿದ್ಯಾರ್ಥಿ ಬಿಟ್ಟುಬಂದ ಬಾಡಿಗೆ ಕೋಣೆಯನ್ನೇ ಹಿರಿಯರು ಸಾಲ ಮಾಡಿ ಊರಿನಲ್ಲಿ ಕಟ್ಟುತ್ತಿದ್ದಾರೆ.

ಮಾಡಬೇಕಾದ ಕೆಲಸಗಳು ದೊಡ್ಡವಲ್ಲ. ಪಟ್ಟಣದ ಕೋಣೆಗೆ ಮಾಲೀಕರ ಒಪ್ಪಿಗೆ ಪಡೆದು ಬೇಸಗೆಗೆ ಮುನ್ನ ತಾರಸಿಗೆ ಬಿಳಿ ಸುಣ್ಣ ಬಳಿಯಬಹುದು. ಬಿಸಿಲಿನ ಬಹುಪಾಲು ಮರಳಿ ಹೋಗುತ್ತದೆ. ಹಾಸ್ಟೆಲಿನ ಪಶ್ಚಿಮದ ಗೋಡೆಯ ಬಳಿ ಹೊಂಗೆಯನ್ನೋ ಬೇವನ್ನೋ ನೆಟ್ಟು ಮೂರು ಬೇಸಗೆ ನೀರೆರೆದರೆ ಮುಂದೆ ಬರುವ ವಿದ್ಯಾರ್ಥಿಗಳಿಗೆ ನೆರಳಾಗುತ್ತದೆ. ಊರಿನಲ್ಲಿ ಮನೆ ಕಟ್ಟುವವರು ಹೆಂಚನ್ನು ಉಳಿಸಿಕೊಳ್ಳಲಿ. ತಾರಸಿ ಅನಿವಾರ್ಯವಾದರೆ ಅದರ ಮೇಲೆ ಹೆಂಚಿನ ಮಾಡು ಹೊದಿಸಲಿ. ಸೊಪ್ಪಿನ ಬೆಟ್ಟದಲ್ಲಿ ಕೊಂಬೆ ಕಡಿಯುವ ಕೈ ಬುಡವನ್ನು ಬಿಟ್ಟುಕೊಡಲಿ. ಮತ್ತಿ, ನೇರಳೆ, ಹಲಸು, ಮುರುಗಲು ಮತ್ತೆ ಚಿಗುರಲಿ. ಈ ಬೇಸಗೆಯ ರಜೆಗೆ ಬರುವ ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ದು ಬೀಜ ಆಯಿಸುವ ಕೆಲಸ ಹಿರಿಯರದು. ಮಳೆ ಹಿಡಿದ ಮೊದಲ ವಾರದಲ್ಲಿ ಅದನ್ನು ಬಿತ್ತಿಯೇ ಅವರು ಕಾಲೇಜಿಗೆ ಹೊರಡಲಿ.