ಜಿನೀವಾದ ಕಟ್ಟಳೆ, ಗುಂಡ್ಲುಪೇಟೆಯ ಅರಿಶಿನ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ದೇಶದೇಶಗಳು ಸೇರಿ ಮಾಡಿಕೊಳ್ಳುವ ಕಟ್ಟಳೆಗಳು ಒಂದು ದೇಶದ ರಾಜಕೀಯ ಮತ್ತು ಕಾನೂನನ್ನು ಹೇಗೆ ಬದಲಿಸುತ್ತವೆ ಎಂಬುದು ಇಂದು ನನಗೆ ಕೊಟ್ಟಿರುವ ವಿಷಯ. ಕೇಳಿದ ಕೂಡಲೇ ಇದು ದಿಲ್ಲಿಯ ದೊಡ್ಡವರಿಗೆ ಸೇರಿದ ಮಾತು, ನಮಗೇಕೆ ಎನಿಸಬಹುದು. ಆದರೆ ನಮ್ಮ ಜಿಲ್ಲೆಯ ಅರಿಶಿನ, ರೇಷ್ಮೆ, ಹಾಲು ಮೂರೂ ಈ ವಿಷಯದೊಳಗಿವೆ. ಆದ್ದರಿಂದ ಊರಿನ ಉದಾಹರಣೆಗಳಿಂದಲೇ ಹೇಳುತ್ತೇನೆ.

ಭಾಷಾ ಶಿಕ್ಷಕನಾದ ನಾನು ಮೊದಲು ಪದವನ್ನು ನೋಡುತ್ತೇನೆ. ಕನ್ನಡದಲ್ಲಿ ‘ಒಪ್ಪಂದ’ ಎನ್ನುತ್ತೇವೆ, ಅದರಲ್ಲಿ ಒಪ್ಪುವುದಿದೆ. ಉರ್ದುವಿನಲ್ಲಿ ‘ಮುಆಹಿದಾ’ ಎನ್ನುತ್ತೇವೆ; ಅದರೊಳಗೆ ‘ಅಹದ್’ ಎಂಬ ಮೂಲವಿದೆ, ಹಾಗೆಂದರೆ ಕೊಟ್ಟ ಮಾತು. ಅಂತರರಾಷ್ಟ್ರೀಯ ಒಪ್ಪಂದವೆಂದರೆ ನಮ್ಮೆಲ್ಲರ ಪರವಾಗಿ ಸರ್ಕಾರ ಹೊರಗಿನವರಿಗೆ ಕೊಟ್ಟ ಮಾತು. ಆ ಮಾತನ್ನು ಯಾರು ಕೊಟ್ಟರು, ಯಾವಾಗ ಕೊಟ್ಟರು, ಅದು ನಮ್ಮ ಮನೆಬಾಗಿಲಿಗೆ ಹೇಗೆ ಬಂತು ಎಂದು ಕೇಳುವ ಹಕ್ಕು ನಮಗಿದೆ.

ಇದರ ಅತಿ ಬಲವಾದ ರೂಪ ಯುರೋಪಿನಲ್ಲಿದೆ. 1951ರಲ್ಲಿ ಆರು ದೇಶಗಳು ಕಲ್ಲಿದ್ದಲು ಮತ್ತು ಉಕ್ಕಿನ ವಿಷಯದಲ್ಲಿ ಒಂದಾದವು. ಅದೇ ಬೆಳೆದು ಇಂದು 27 ದೇಶಗಳ ಯುರೋಪಿಯನ್ ಒಕ್ಕೂಟವಾಗಿದೆ. ಇಟಲಿಯಲ್ಲಿ ಕೋಸ್ಟಾ ಎಂಬ ವಕೀಲರು ಒಂದು ಸಣ್ಣ ಕರೆಂಟ್ ಬಿಲ್ ಕಟ್ಟಲು ಒಪ್ಪದೆ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ 1964ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿದ್ದು ದೊಡ್ಡ ಮಾತು: ಸದಸ್ಯ ದೇಶದ ಕಾನೂನಿಗೂ ಒಕ್ಕೂಟದ ಕಾನೂನಿಗೂ ಜಗಳ ಬಂದರೆ ಒಕ್ಕೂಟದ್ದೇ ಮೇಲು. ನಮ್ಮ ಕಾನೂನು ನಮ್ಮ ಕೈಯಲ್ಲೇ ಇರಬೇಕು ಎಂಬ ವಾದವೇ ಬ್ರಿಟನ್ನಿನಲ್ಲಿ 2016ರ ಜನಮತಕ್ಕೆ ಒಂದು ಮುಖ್ಯ ಕಾರಣವಾಯಿತು. 2020ರ ಜನವರಿ 31ರಂದು ಆ ದೇಶ ಒಕ್ಕೂಟದಿಂದ ಹೊರಬಂತು.

ಭಾರತ ಅಂತಹ ಯಾವ ಒಕ್ಕೂಟದಲ್ಲೂ ಇಲ್ಲ. ನಮ್ಮಲ್ಲಿ ಒಪ್ಪಂದಕ್ಕೆ ರುಜು ಬಿದ್ದ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ. ರುಜು ಹಾಕುವುದು ಕೇಂದ್ರ ಸರ್ಕಾರ. ಅದಕ್ಕೆ ಮೊದಲೇ ಸಂಸತ್ತಿನ ಒಪ್ಪಿಗೆ ಬೇಕೆಂದಿಲ್ಲ. ಆದರೆ ಜನರ ಹಕ್ಕುಬಾಧ್ಯತೆಗಳನ್ನು ಬದಲಿಸಬೇಕಾದರೆ ಸಂಸತ್ತು ಕಾಯ್ದೆ ಮಾಡಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ವ್ಯವಸಾಯ ಸಂವಿಧಾನದ ರಾಜ್ಯಪಟ್ಟಿಯಲ್ಲಿರುವ ವಿಷಯ. ಆದರೂ 253ನೇ ವಿಧಿಯ ಪ್ರಕಾರ ಅಂತರರಾಷ್ಟ್ರೀಯ ಒಪ್ಪಂದವನ್ನು ಜಾರಿಗೆ ತರಲು ಸಂಸತ್ತು ರಾಜ್ಯಪಟ್ಟಿಯ ವಿಷಯದ ಮೇಲೂ ಕಾಯ್ದೆ ಮಾಡಬಹುದು. ಹಾಗಾಗಿ ಹೊರಗೆ ಮಾಡಿಕೊಂಡ ಒಂದು ಒಪ್ಪಂದ ದಿಲ್ಲಿಗೂ ಬೆಂಗಳೂರಿಗೂ ನಡುವಿನ ಅಧಿಕಾರದ ತಕ್ಕಡಿಯನ್ನೇ ಅಲುಗಿಸಬಲ್ಲದು.

ನಮ್ಮನ್ನು ಹೆಚ್ಚು ತಟ್ಟಿದ್ದು ವಿಶ್ವ ವ್ಯಾಪಾರ ಸಂಸ್ಥೆ. 1994ರ ಏಪ್ರಿಲ್ 15ರಂದು ಮೊರಾಕ್ಕೊ ದೇಶದ ಮರಾಕೇಶ್ ಪಟ್ಟಣದಲ್ಲಿ ಭಾರತದ ಪರವಾಗಿ ಅಂದಿನ ವಾಣಿಜ್ಯ ಸಚಿವ ಪ್ರಣಬ್ ಮುಖರ್ಜಿಯವರು ರುಜು ಹಾಕಿದರು. 1995ರ ಜನವರಿ 1ರಿಂದ ಜಿನೀವಾದಲ್ಲಿ ಸಂಸ್ಥೆ ಕೆಲಸ ಆರಂಭಿಸಿತು. ಇಂದು 166 ಸದಸ್ಯರಿದ್ದಾರೆ.

ಈ ಒಪ್ಪಂದದ ಕರಡನ್ನು ಆಗ ‘ಡಂಕೆಲ್ ಪ್ರಸ್ತಾವ’ ಎನ್ನುತ್ತಿದ್ದರು. ಅದನ್ನು ಹಳ್ಳಿಹಳ್ಳಿಗೆ ತಿಳಿಸಿದವರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಪ್ರಮುಖರು. 1992ರ ಡಿಸೆಂಬರ್‌ನಲ್ಲಿ ರೈತಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳಿಗೆ ಬೆಂಕಿಯಿಟ್ಟರು. 1993ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲೇ ಬೃಹತ್ ರೈತ ಸಮಾವೇಶ ನಡೆಸಿದರು. ಕಚೇರಿಗೆ ನುಗ್ಗಿದ್ದು ಸರಿಯೇ ಎಂಬುದು ಬೇರೆ ಚರ್ಚೆ. ಆದರೆ ಬೀಜ ಯಾರದು ಎಂಬ ಅವರ ಪ್ರಶ್ನೆ ಸುಳ್ಳಾಗಿರಲಿಲ್ಲ. ಆ ಪ್ರಶ್ನೆಯ ಗುರುತು ನಮ್ಮ ಚಾಮರಾಜನಗರ ತಾಲ್ಲೂಕಿನ ಹೊಂಡರಬಾಳಿನಲ್ಲಿ ‘ಅಮೃತಭೂಮಿ’ಯಾಗಿ ಉಳಿದಿದೆ.

ಸಸ್ಯತಳಿಗಳಿಗೆ ಏನಾದರೊಂದು ರಕ್ಷಣೆ ಕೊಡಲೇಬೇಕು, ಆದರೆ ಪೇಟೆಂಟೇ ಆಗಬೇಕೆಂದಿಲ್ಲ, ದೇಶ ತನ್ನದೇ ಪದ್ಧತಿ ಮಾಡಿಕೊಳ್ಳಬಹುದು ಎಂದು ಒಪ್ಪಂದದಲ್ಲೇ ಇತ್ತು. ಆ ಸಂದನ್ನು ಬಳಸಿ ಸಂಸತ್ತು 2001ರಲ್ಲಿ ಸಸ್ಯತಳಿ ಮತ್ತು ರೈತರ ಹಕ್ಕುಗಳ ಸಂರಕ್ಷಣಾ ಕಾಯ್ದೆ ತಂದಿತು. ರೈತ ತಾನು ಬೆಳೆದ ಬೀಜವನ್ನು ಉಳಿಸಬಹುದು, ಮತ್ತೆ ಬಿತ್ತಬಹುದು, ನೆರೆಯವರೊಡನೆ ಬದಲಾಯಿಸಿಕೊಳ್ಳಬಹುದು, ಮಾರಲೂಬಹುದು. ಕಂಪನಿಯ ಹೆಸರು ಹಚ್ಚಿ ಮಾತ್ರ ಮಾರುವಂತಿಲ್ಲ ಎಂದು ಅದರ 39ನೇ ಕಲಮು ಹೇಳುತ್ತದೆ. ಇದು ಒಬ್ಬರ ಹೋರಾಟದ ಫಲವಲ್ಲ, ದೇಶದ ಹಲವು ಕಡೆ ಎದ್ದ ದನಿಗಳ ಫಲ. ಮಾತು ಕೊಟ್ಟ ಮೇಲೂ ಅದನ್ನು ಹೇಗೆ ನಡೆಸಬೇಕೆಂಬುದರಲ್ಲಿ ನಮಗೆ ಜಾಗವಿತ್ತು.

ಔಷಧಿಯ ಕಥೆಯೂ ಹೀಗೆಯೇ. ಪೇಟೆಂಟ್ ಕಾಯ್ದೆ ತಿದ್ದುವ ಮಸೂದೆ 1995ರಲ್ಲಿ ಲೋಕಸಭೆಯಲ್ಲಿ ಪಾಸಾಯಿತು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಕಳಿಸಿತು. 1996ರಲ್ಲಿ ಲೋಕಸಭೆ ವಿಸರ್ಜನೆಯಾಗಿ ಮಸೂದೆ ಬಿದ್ದುಹೋಯಿತು. ಅಮೆರಿಕ ಜಿನೀವಾಕ್ಕೆ ದೂರು ಕೊಟ್ಟಿತು. 1997ರ ಡಿಸೆಂಬರ್‌ನಲ್ಲಿ ಅಲ್ಲಿನ ಮೇಲ್ಮನವಿ ಮಂಡಳಿಯಲ್ಲೂ ಭಾರತ ಸೋತಿತು. ನಮ್ಮ ಸಂಸತ್ತಿನ ಭಿನ್ನಾಭಿಪ್ರಾಯ ಅಲ್ಲಿ ನೆಪವಾಗಿ ನಿಲ್ಲಲಿಲ್ಲ. 1999, 2002, 2005ರಲ್ಲಿ ಮೂರು ಸಲ ಕಾಯ್ದೆ ತಿದ್ದಬೇಕಾಯಿತು. ಆದರೆ 2005ರ ತಿದ್ದುಪಡಿಯಲ್ಲಿ ಸಂಸತ್ತು 3(ಡಿ) ಕಲಮನ್ನು ಬಿಗಿಮಾಡಿತು: ಹಳೆಯ ಔಷಧಿಯ ರೂಪ ಅಷ್ಟಿಷ್ಟು ಬದಲಿಸಿದರೆ ಹೊಸ ಪೇಟೆಂಟ್ ಇಲ್ಲ, ಗುಣದಲ್ಲಿ ನಿಜವಾದ ಹೆಚ್ಚಳ ತೋರಿಸಬೇಕು. ಇದೇ ಕಲಮಿನ ಆಧಾರದ ಮೇಲೆ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ನೊವಾರ್ಟಿಸ್ ಕಂಪನಿಯ ರಕ್ತ ಕ್ಯಾನ್ಸರ್ ಮದ್ದಿನ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿತು.

ಹೊರಗಿನ ಒಪ್ಪಂದ ಯಾವಾಗಲೂ ನಮ್ಮಿಂದ ಕಿತ್ತುಕೊಳ್ಳುತ್ತದೆ ಎಂದೂ ತಿಳಿಯಬೇಡಿ. ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯಲು ನಮ್ಮಲ್ಲಿ ಪ್ರತ್ಯೇಕ ಕಾಯ್ದೆಯೇ ಇರಲಿಲ್ಲ. ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ ವಿಶ್ವಸಂಸ್ಥೆಯ ಒಪ್ಪಂದವನ್ನು ಭಾರತ 1993ರಲ್ಲಿ ಸ್ಥಿರೀಕರಿಸಿತ್ತು. ಆ ಮಾತನ್ನು ಸಂವಿಧಾನದ ಹಕ್ಕುಗಳ ಜೊತೆಗಿಟ್ಟು ಓದಿ ಸುಪ್ರೀಂ ಕೋರ್ಟು 1997ರಲ್ಲಿ ವಿಶಾಖಾ ತೀರ್ಪಿನ ಮಾರ್ಗಸೂಚಿ ಕೊಟ್ಟಿತು. ಸಂಸತ್ತು ಕಾಯ್ದೆ ಮಾಡಿದ್ದು 2013ರಲ್ಲಿ. ನಡುವಿನ ಹದಿನಾರು ವರ್ಷ ಆ ಮಾರ್ಗಸೂಚಿಯೇ ಕಾನೂನಾಗಿ ನಿಂತಿತು.

ಈಗ ಅರಿಶಿನಕ್ಕೆ ಬರೋಣ. 1995ರ ಮಾರ್ಚ್‌ನಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರಕ್ಕೆ ಒಂದು ಪೇಟೆಂಟ್ ಸಿಕ್ಕಿತು. ಯಾವುದಕ್ಕೆ ಗೊತ್ತೆ? ಗಾಯ ಮಾಯಿಸಲು ಅರಿಶಿನ ಬಳಸುವುದಕ್ಕೆ! ಇದನ್ನು ನಮ್ಮ ಯಾವ ಅಜ್ಜಿಗೆ ಹೇಳಿದರೂ ನಗುತ್ತಾಳೆ. ಆದರೆ ಪೇಟೆಂಟ್ ಕಚೇರಿಗೆ ಅಜ್ಜಿಯ ನಗು ಸಾಕ್ಷಿಯಾಗುವುದಿಲ್ಲ, ಬರಹದ ಆಧಾರ ಬೇಕು. ಡಾ. ಮಶೇಲ್ಕರ್ ಅವರ ನೇತೃತ್ವದ ಸಿಎಸ್ಐಆರ್ ಸಂಸ್ಥೆ ಹಳೆಯ ಗ್ರಂಥಗಳು, 1953ರ ಒಂದು ವೈದ್ಯಕೀಯ ಲೇಖನ ಸೇರಿ 32 ಆಧಾರಗಳನ್ನು ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಅದೇ ವರ್ಷ ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಅರಿಶಿನ ಬೇಯಿಸಿ ಒಣಗಿಸಿ ಈರೋಡಿನ ಮಾರುಕಟ್ಟೆಗೆ ಸಾಗಿಸುವ ನಮ್ಮ ರೈತರಿಗೆ, ತಮ್ಮ ಬೆಳೆಯ ಗುಣದ ಬಗ್ಗೆ ದೂರದಲ್ಲಿ ಹೀಗೊಂದು ವ್ಯಾಜ್ಯ ನಡೆದು ಗೆದ್ದದ್ದು ಎಷ್ಟು ಜನಕ್ಕೆ ಗೊತ್ತಾಯಿತು?

ಇದರ ಮುಂದಿನ ಭಾಗ ಉರ್ದು ಓದುವ ಮಕ್ಕಳಿಗೆ ಮುಖ್ಯ. ಇಂತಹ ತಪ್ಪು ಪೇಟೆಂಟ್ ಮತ್ತೆ ಆಗದಿರಲೆಂದು 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯದ ಕೆಲಸ ಶುರುವಾಯಿತು. ಸಂಸ್ಕೃತ, ತಮಿಳು, ಅರಬ್ಬಿ, ಪಾರಸಿ, ಉರ್ದು ಗ್ರಂಥಗಳಲ್ಲಿದ್ದ ಮದ್ದುಗಳನ್ನು ಐದು ಅಂತರರಾಷ್ಟ್ರೀಯ ಭಾಷೆಗಳಿಗೆ ತಂದು ಪೇಟೆಂಟ್ ಪರೀಕ್ಷಕರ ಮುಂದಿಟ್ಟರು. ನಮ್ಮ ಯುನಾನಿ ಹಕೀಮರ ಗ್ರಂಥಗಳು ಹೀಗೆ ದೇಶದ ಪರವಾಗಿ ಸಾಕ್ಷಿ ನುಡಿಯುತ್ತಿವೆ. ‘ಉರ್ದು ಕಲಿತು ಏನು ಪ್ರಯೋಜನ?’ ಎಂದು ಕೇಳುವವರಿಗೆ ಇದು ಒಂದು ಉತ್ತರ. ಆದರೆ ಒಂದು ಮಾತು: ಉರ್ದು ಒಂದೇ ಬಂದರೂ ಆ ಕೆಲಸ ಆಗುತ್ತಿರಲಿಲ್ಲ, ಇಂಗ್ಲಿಷ್ ಒಂದೇ ಬಂದರೂ ಆಗುತ್ತಿರಲಿಲ್ಲ. ಎರಡನ್ನೂ ಬಲ್ಲವರೇ ಬೇಕಾದರು.

ಇನ್ನು ರೇಷ್ಮೆ. ಕೊಳ್ಳೇಗಾಲದಿಂದ ರಾಮನಗರದವರೆಗೆ ನಮ್ಮ ಸಮುದಾಯದ ಎಷ್ಟೋ ಮನೆಗಳು ಗೂಡು ಕೊಂಡು ನೂಲು ಬಿಚ್ಚುವ ಕಸುಬಿನಿಂದ ಬದುಕಿವೆ. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿತು. ಚೀನಾದ ರೇಷ್ಮೆ ಕಡಿಮೆ ಬೆಲೆಗೆ ಬಂದು ಬಿದ್ದಾಗ ಭಾರತ 2003ರಲ್ಲಿ ಅದರ ಮೇಲೆ ಡಂಪಿಂಗ್ ವಿರೋಧಿ ಸುಂಕ ಹಾಕಿತು. ಸಂಸ್ಥೆಯ ಕಟ್ಟಳೆಯೇ ಇದಕ್ಕೆ ಅವಕಾಶ ಕೊಡುತ್ತದೆ. ಆದರೆ ಸುಮ್ಮನೆ ಗೋಳಾಡಿದರೆ ಸಾಲದು. ಉತ್ಪಾದನೆ ಎಷ್ಟು, ಖರ್ಚೆಷ್ಟು, ನಷ್ಟವೆಷ್ಟು ಎಂದು ಲೆಕ್ಕಸಮೇತ ತೋರಿಸಬೇಕು.

2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಲಾಯಿತು. ಗೂಡಿನ ಬೆಲೆ ಕುಸಿಯಿತು. ಎಲ್ಲರೂ ‘ಗ್ಯಾಟ್ ಒಪ್ಪಂದದ ಶಾಪ’ ಎಂದರೆ ಅದು ಸರಿಯಲ್ಲ. ನೇಕಾರರಿಗೆ ಅಗ್ಗದ ನೂಲು ಬೇಕೆಂಬ ವಾದಕ್ಕೆ ದಿಲ್ಲಿ ಕಿವಿಗೊಟ್ಟಿತ್ತು. ನಮ್ಮವರ ಕೂಗು ಕೇಳಿದ ಮೇಲೆ 2013ರಲ್ಲಿ ಅದೇ ದಿಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಿತು. ಜಿನೀವಾ ತಡೆಯಲಿಲ್ಲ. ಸಂಸ್ಥೆ ಗೊತ್ತುಮಾಡುವುದು ಸುಂಕದ ಮೇಲಿನ ಮಿತಿಯನ್ನು. ಅದರ ಕೆಳಗೆ ಎಷ್ಟೆಂಬುದು ನಮ್ಮ ಸರ್ಕಾರದ್ದೇ ತೀರ್ಮಾನ. ಬಾಗಿಲು ತಪ್ಪಿ ಬಡಿದರೆ ಯಾರು ತೆರೆಯುತ್ತಾರೆ?

ಕೆಲವು ಕಟ್ಟಳೆಗಳು ನಮ್ಮ ರುಜುವಿಲ್ಲದೆಯೂ ಬರುತ್ತವೆ. ಯುರೋಪಿಯನ್ ಒಕ್ಕೂಟಕ್ಕೆ ಹೋಗುವ ಅರಿಶಿನದಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಕಿಲೋಗೆ 10 ಮೈಕ್ರೋಗ್ರಾಂ ಮೀರುವಂತಿಲ್ಲ. ಅಂದರೆ ಗುಂಡ್ಲುಪೇಟೆಯ ಕಣದಲ್ಲಿ ಅರಿಶಿನವನ್ನು ಹಸಿ ಆರದಂತೆ ರಾಶಿ ಹಾಕುತ್ತೇವೋ, ಚೆನ್ನಾಗಿ ಒಣಗಿಸುತ್ತೇವೋ ಎಂಬುದಕ್ಕೂ ಬ್ರಸೆಲ್ಸ್‌ನ ಕಾಗದಕ್ಕೂ ನಂಟಿದೆ. ಇದನ್ನು ದಬ್ಬಾಳಿಕೆ ಎನ್ನಬಹುದು. ಆದರೆ ಅದೇ ಅರಿಶಿನ ನಮ್ಮ ಮಕ್ಕಳ ಸಾರಿಗೂ ಬೀಳುತ್ತದಲ್ಲವೆ?

ಬೇಡ ಎನ್ನುವ ಶಕ್ತಿಯೂ ನಮಗಿದೆ. ಆರ್‌ಸಿಇಪಿ ಎಂಬ ಏಷ್ಯಾದ ದೊಡ್ಡ ವ್ಯಾಪಾರ ಒಪ್ಪಂದದಿಂದ 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಹಿಂದೆ ಸರಿಯಿತು. ನ್ಯೂಜಿಲೆಂಡಿನ ಅಗ್ಗದ ಹಾಲಿನಪುಡಿ ಬಂದರೆ ಒಂದೆರಡು ಹಸು ಕಟ್ಟಿದವರ ಗತಿಯೇನು ಎಂದು ಹಾಲು ಉತ್ಪಾದಕರು ದೇಶದೆಲ್ಲೆಡೆ ಎತ್ತಿದ ಪ್ರಶ್ನೆ ಅದಕ್ಕೆ ಒಂದು ಕಾರಣ. ಮಿಕ್ಕ 15 ದೇಶಗಳು ಮರುವರ್ಷ ರುಜು ಹಾಕಿದವು. ಇತ್ತ ಜಿನೀವಾದ ಮೇಲ್ಮನವಿ ಮಂಡಳಿಗೆ ಹೊಸ ಸದಸ್ಯರ ನೇಮಕವನ್ನು ಅಮೆರಿಕವೇ ತಡೆದು, 2019ರ ಡಿಸೆಂಬರ್‌ನಿಂದ ಅದರ ಕೆಲಸ ನಿಂತಿತು. ಬಲವಂತರು ಕಟ್ಟಳೆಯನ್ನೇ ಬದಿಗಿಟ್ಟರೆ ಬಡ ದೇಶಗಳಿಗೆ ಆಸರೆ ಇನ್ನೂ ಕಡಿಮೆ. ಆದ್ದರಿಂದ ಕಟ್ಟಳೆಯೇ ಬೇಡ ಎನ್ನುವುದೂ ಜಾಣತನವಲ್ಲ.

ವಿದ್ಯಾರ್ಥಿಗಳೆ, ಪತ್ರಿಕೆಯಲ್ಲಿ ಒಂದು ಹೊಸ ಕಾನೂನಿನ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿ. ಇದು ಎಲ್ಲಿ ತೀರ್ಮಾನವಾಯಿತು, ಹೊರಗೋ, ದಿಲ್ಲಿಯಲ್ಲೋ, ಬೆಂಗಳೂರಿನಲ್ಲೋ? ಒಪ್ಪಂದದಲ್ಲಿ ನಮಗೆ ಉಳಿದ ಜಾಗ ಎಷ್ಟು? ಆ ಜಾಗದಲ್ಲಿ ನಮ್ಮವರ ಪರವಾಗಿ ಆಧಾರ ಇಟ್ಟವರು ಯಾರು? ಮನೆಯಲ್ಲಿ ನೂಲು ಬಿಚ್ಚುವ ಕಸುಬಿದ್ದರೆ ದಿನದ ಲೆಕ್ಕವನ್ನು ಒಂದು ಪುಸ್ತಕದಲ್ಲಿ ನೀವೇ ಬರೆದಿಡಿ. ಅದು ತಂದೆಗೆ ನೆರವು, ನಾಳೆ ಕಸುಬಿಗೇ ಸಾಕ್ಷಿ.

ಪೋಷಕರಲ್ಲಿಯೂ ಒಂದು ವಿನಂತಿ. ನಮ್ಮ ಮಕ್ಕಳು ವೈದ್ಯರಾಗಲಿ, ಎಂಜಿನಿಯರಾಗಲಿ ಎಂದು ಹಾರೈಸುತ್ತೇವೆ. ಕಾನೂನು, ಅರ್ಥಶಾಸ್ತ್ರ, ಅನುವಾದ ಓದುವೆನೆಂದು ಒಬ್ಬ ಮಗಳೋ ಮಗನೋ ಬಂದರೆ ತಡೆಯಬೇಡಿ. ನಮ್ಮ ಪರವಾಗಿ ಮಾತು ಕೊಡುವ ಜಾಗದಲ್ಲಿ ನಮ್ಮ ಕಣವನ್ನೂ ನಮ್ಮ ಚರಕವನ್ನೂ ಬಲ್ಲವರೊಬ್ಬರು ಕೂತಿರಲಿ.