ಮೋಟಾರಿಲ್ಲದ ದಾರಿ
(ಸಂಘದ ವಾರದ ಸಭೆಯಲ್ಲಿ ಮಾಡಿದ ಭಾಷಣ)



ನಮಗೆ ಸೈಕಲ್ಲೆಂದರೆ ಹೊಟ್ಟೆಪಾಡಿನ ವಾಹನ. ಮುಂದೆ ಬಸ್ಸು, ಹಿಂದೆ ಲಾರಿ; ಜೀವ ಕೈಯಲ್ಲಿ ಹಿಡಿದು ಪೆಡಲು ತುಳಿಯಬೇಕು. ಆದರೆ ಕೇವಲ ಸಂತೋಷಕ್ಕಾಗಿ, ಕಾಡಿನ ನಡುವೆ ಸೈಕಲ್ ತುಳಿಯುವ ದಾರಿಯೊಂದು ಇಂಗ್ಲೆಂಡಿನ ಉತ್ತರಕ್ಕೆ, ನಾರ್ತಂಬರ್ಲೆಂಡಿನಲ್ಲಿದೆ.

ಅಲ್ಲಿಯ ಕೀಲ್ಡರ್ ಜಲಾಶಯವನ್ನು 1982ರಲ್ಲಿ ಎರಡನೆಯ ಎಲಿಜಬೆತ್ ರಾಣಿ ಉದ್ಘಾಟಿಸಿದರು. ಅದನ್ನು ಬಳಸಿಕೊಂಡು ಸುಮಾರು 42 ಕಿಲೋಮೀಟರು ಜಲ್ಲಿ ಹಾಕಿ ಗಟ್ಟಿಮಾಡಿದ ದಾರಿ ಸಾಗುತ್ತದೆ. ನಡೆಯುವವರು, ಸೈಕಲ್ಲಿನವರು, ಕುದುರೆ ಸವಾರರು, ಎಲ್ಲರಿಗೂ ಅಲ್ಲಿ ಜಾಗವುಂಟು. ಜಲ್ಲಿಯ ದಾರಿಗೆ ಅಗಲ ಟೈರು ಒಳ್ಳೆಯದು. ಗಾಳಿ ತುಸು ಕಡಿಮೆಯಿದ್ದರೆ ಹಿಡಿತ ಹೆಚ್ಚು. ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಒಮ್ಮೆಗೇ ಹಿಡಿದರೆ ಚಕ್ರ ಜಾರುತ್ತದೆ.

ಆ ಕಾಡನ್ನು ಬೆಳೆಸಿದವರು ಯಾರು? 1926ರಲ್ಲಿ ಸರಕಾರದ ಅರಣ್ಯ ಆಯೋಗ ಅಲ್ಲಿ ಗಿಡ ನೆಡಲು ಆರಂಭಿಸಿತು. 1930ರ ದಶಕದಲ್ಲಿ ಗಣಿಗಳಲ್ಲಿ, ಹಡಗು ಕಟ್ಟುವ ಕಾರಖಾನೆಗಳಲ್ಲಿ ಕೆಲಸ ಕಳೆದುಕೊಂಡವರನ್ನು ಶಿಬಿರಗಳಲ್ಲಿಟ್ಟು ಕಾಡಿನ ಕೆಲಸಕ್ಕೆ ಹಚ್ಚಿದರು. ಮುಂದೆ ಅಣೆಕಟ್ಟಿನ ನೀರು ಏರಿದಾಗ ಹಲವು ಹೊಲಮನೆಗಳೂ ಒಂದು ಶಾಲೆಯೂ ಮುಳುಗಿದವು. ಇಂದು ರಜೆಯವರು ಸವಾರಿ ಮಾಡುವ ನೆರಳಿನಲ್ಲಿ ನಮ್ಮಂಥವರ ಬೆವರಿದೆ.

ಮಿತ್ರರೇ, ವಾರದ ರಜೆಯನ್ನು ಯಾರೂ ದಾನವಾಗಿ ಕೊಡಲಿಲ್ಲ. ಕಾರ್ಮಿಕರು ಹೋರಾಡಿ ಪಡೆದರು. ಆ ದಿನ ಉಸಿರಾಡಲು ಮರದ ನೆರಳು, ಮಕ್ಕಳೊಡನೆ ಅಂಜದೆ ಹೋಗಲು ಒಂದು ದಾರಿ ಬೇಡವೇ? ಅದನ್ನು ಕೇಳುವುದು ಶೋಕಿಯೆಂದು ಯಾರಾದರೂ ನಕ್ಕರೆ ನಕ್ಕುಬಿಡಲಿ. ನಗರಸಭೆಗೆ ಕೊಡುವ ಮುಂದಿನ ಮನವಿಯಲ್ಲಿ ನೀರು, ನಲ್ಲಿ, ದೀಪದ ಜೊತೆಗೆ ಇದನ್ನೂ ಬರೆಯೋಣ.